ಸೀಟಿಗೆ ಕಾದು ನಿಂತ ಬಸ್ಸು

ಫೆಬ್ರವರಿ ೯

ಅಕ್ಕನಿಗೆ ನಮಸ್ಕಾರ.

ಫೋನ್ ಮಾಡಿದರೆ ಎತ್ತುವುದಿಲ್ಲ. ಮೆಸೇಜ್ ಹಾಕಿದರೆ ಓದಿ ಸುಮ್ಮನಾಗುತ್ತೀರಿ. ಆಗಲಿ. ಫೋನಿನ ಬಾಯಿ ಮುಚ್ಚಿಸಬಹುದು, ಅಂಚೆಯವನು ಬಂದು ಬಾಗಿಲು ಬಡಿದರೆ ತೆಗೆಯಲೇಬೇಕಲ್ಲ. ಅದಕ್ಕೇ ಈ ಕಾಗದ.

ನಿಮ್ಮ ಕೋಪ ನ್ಯಾಯವಾದದ್ದೇ. ಹನ್ನೊಂದು ವರ್ಷ ಒಂದೇ ಬಸ್ಸಿನಲ್ಲಿ ನಾನು ಮುಂದೆ ಸ್ಟೇರಿಂಗ್ ಹಿಡಿದು, ನೀವು ಹಿಂದೆ ಸೀಟಿ ಕಚ್ಚಿಕೊಂಡು ದುಡಿದಿದ್ದೇವೆ. ಅಂಥವನು, ನಾಳೆ ಹೊರದೇಶಕ್ಕೆ ಹೊರಟೆ ಎಂದು ಇವತ್ತು ಸಂಜೆ ಡ್ಯೂಟಿ ಮುಗಿದ ಮೇಲೆ ಹೇಳಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ನೀವು ಚೀಲ ಹೆಗಲಿಗೇರಿಸಿ ಒಂದು ಮಾತೂ ಆಡದೆ ಡಿಪೋ ಗೇಟು ದಾಟಿ ಹೋದಿರಿ. ಮಾರನೇ ದಿನ ಕಳಿಸಿಕೊಡಲು ಮೆಕ್ಯಾನಿಕ್ಕು, ವಾಚ್‌ಮನ್ನು ಎಲ್ಲರೂ ಬಂದಿದ್ದರು. ನೀವು ಬರಲಿಲ್ಲ. ಮೊದಲೇ ಹೇಳಿದ್ದರೆ ನೀವು ಹೋಗಬೇಡ ಅನ್ನುತ್ತಿದ್ದಿರಿ, ನಾನು ಹೋಗುತ್ತಿರಲಿಲ್ಲ. ಆ ಹೆದರಿಕೆಗೇ ಹೇಳಲಿಲ್ಲ ಅಕ್ಕಾ.

ಇಲ್ಲಿ ಕೆಲಸ ಅದೇ, ಬಸ್ಸು ಓಡಿಸುವುದು. ಆರು ತಿಂಗಳು ಪರೀಕ್ಷೆಯ ಕಾಲ. ಅದರಲ್ಲಿ ಗೆದ್ದರೆ ಖಾಯಂ ಆಗುತ್ತೇನೆ, ಹೆಂಡತಿಯನ್ನೂ ಮಗಳನ್ನೂ ಕರೆಸಿಕೊಳ್ಳಬಹುದು. ಅಷ್ಟರೊಳಗೆ ಮೂರು ದೂರು ಬಂದರೆ ಗಂಟುಮೂಟೆ ಕಟ್ಟಿಕೊಂಡು ವಾಪಸ್ಸು. ಹೊಸ ಡ್ರೈವರುಗಳಿಗೆ ಕೆಲಸ ಕಲಿಸುವ ಮೇಷ್ಟ್ರು ಮೊದಲ ದಿನವೇ ಬೆರಳು ಮಡಿಸಿ ತೋರಿಸಿಬಿಟ್ಟರು.

ಆ ಮೊದಲ ದಿನದ ಕಥೆ ಕೇಳಿ. ಬಸ್ಸು ಹೊಸ ಮದುವಣಗಿತ್ತಿಯ ಹಾಗಿದೆ, ಒಂದು ಗೀರಿಲ್ಲ. ಮೊದಲ ಸ್ಟಾಪಿನಲ್ಲಿ ನಿಲ್ಲಿಸಿದೆ. ಜನ ಸಾಲಾಗಿ ಹತ್ತಿದರು, ಯಂತ್ರಕ್ಕೆ ಕಾರ್ಡು ಮುಟ್ಟಿಸಿದರು, ಕೂತರು. ಬಾಗಿಲು ಮುಚ್ಚಿದೆ. ಆಮೇಲೆ ಸುಮ್ಮನೆ ಕೂತೆ. ಜನ ನನ್ನನ್ನು ನೋಡುತ್ತಾರೆ, ನಾನು ರಸ್ತೆಯನ್ನು ನೋಡುತ್ತೇನೆ. ಹಿಂದೆ ಕೂತಿದ್ದ ಮೇಷ್ಟ್ರು ಎದ್ದು ಬಂದು, "ಯಾಕೆ? ಏನಾದ್ರೂ ಕೆಟ್ಟಿದ್ಯಾ?" ಅಂದರು. ಆಗ ಹೊಳೆಯಿತು. ನಾನು ನಿಮ್ಮ ಸೀಟಿಗೆ ಕಾಯುತ್ತಿದ್ದೆ.

ಇಲ್ಲಿ ಕಂಡಕ್ಟರ್ ಎನ್ನುವ ಪ್ರಾಣಿಯೇ ಇಲ್ಲ. ಬಸ್ಸಿನ ಹಿಂಭಾಗ ಪೂರ್ತಿ ಸತ್ತ ಮನೆಯ ಹಾಗೆ ಇರುತ್ತದೆ. "ಮುಂದೆ ಹೋಗಿ, ಮುಂದೆ ಹೋಗಿ, ಅಲ್ಲೇನು ಮದುವೆ ನಡೀತಿದ್ಯಾ" ಎಂದು ಕೂಗುವವರಿಲ್ಲದ ಬಸ್ಸು ಓಡಿಸಲು ನನಗೆ ಭಯವಾಗುತ್ತದೆ. ನಗಬೇಡಿ.

ಒಂದು ಸಾಲು ಬರೆಯಿರಿ. ಬೈದಾದರೂ ಬರೆಯಿರಿ.

ನಿಮ್ಮ,
ಡ್ರೈವರ್


ಮಾರ್ಚ್ ೧೫

ಅಕ್ಕಾ,

ಉತ್ತರ ಬರಲಿಲ್ಲ. ಅಂಚೆಯಲ್ಲಿ ಕಳೆದುಹೋಗಿರಬಹುದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಇನ್ನೊಂದು ಬರೆಯುತ್ತಿದ್ದೇನೆ.

ನಾನಿರುವುದು ಒಂದು ಮಹಡಿ ಮನೆಯ ಮೂಲೆ ರೂಮಿನಲ್ಲಿ. ಒಂದು ಮಂಚ, ಒಂದು ಒಲೆ, ಹೊರಗೆ ಇಣುಕಿದರೆ ಎದುರು ಮನೆಯ ಗೋಡೆ. ಪಕ್ಕದ ರೂಮಿನಲ್ಲಿ ಒಬ್ಬ ಮುದುಕರು, ಅವರಿಗೊಂದು ನಾಯಿ. ನಾನು ಬಂದು ತಿಂಗಳಾದರೂ ಅವರ ಮುಖ ಕಂಡಿಲ್ಲ. ಒಂದು ದಿನ ನನ್ನ ಬಾಗಿಲಿಗೆ ಚೀಟಿ ಅಂಟಿಸಿದ್ದರು. ಕೆಲಸದ ಕಡೆಯವರ ಹತ್ತಿರ ಓದಿಸಿದೆ. "ದಿನಾ ಬೆಳಿಗ್ಗೆ ನೀವು ತುಂಬ ನರಳುವುದು ಕೇಳಿಸುತ್ತದೆ. ವಾಂತಿಯಾಗುತ್ತಿದೆಯೇ? ಡಾಕ್ಟರನ್ನು ಕರೆಸಲೇ?" ಎಂದಿತ್ತು. ಅಕ್ಕಾ, ನಾನು ನಾಲಿಗೆ ಉಜ್ಜಿ ಗಂಟಲು ಸರಿಮಾಡಿಕೊಳ್ಳುವ ಸದ್ದು ಅದು! ನಮ್ಮ ಓಣಿಯಲ್ಲಿ ಆ ಸದ್ದು ಕೇಳಿಯೇ ಅಲ್ಲವೇ ಜನ ಬೆಳಗಾಯಿತು ಅಂದುಕೊಳ್ಳುವುದು. ಈಗ ನಲ್ಲಿ ಜೋರಾಗಿ ಬಿಟ್ಟುಕೊಂಡು ಕಳ್ಳನ ಹಾಗೆ ಬಾಯಿ ತೊಳೆಯುತ್ತೇನೆ.

ಮೊನ್ನೆ ಊಟದ ಹೊತ್ತಿಗೆ ಪಕ್ಕ ಕೂತಿದ್ದ ಡ್ರೈವರಿಗೆ ನನ್ನ ಡಬ್ಬಿ ಮುಂದೆ ಹಿಡಿದು "ತಗೊಳ್ಳಿ" ಅಂದೆ. ಆಸಾಮಿ ಪ್ರಾಮಾಣಿಕವಾಗಿ ಕೇಳಿದ, "ಯಾಕೆ, ನಿನಗೆ ಇಷ್ಟವಾಗಲಿಲ್ಲವಾ?" ಡಬ್ಬಿ ವಾಪಸ್ಸು ಎಳೆದುಕೊಂಡು ಉಂಡೆ.

ಈಗ ನಿಜವಾದ ಸುದ್ದಿ. ಒಂದು ದೂರು ಬಂದಾಯಿತು. ಬೆಳಿಗ್ಗೆ ಹೋಗುತ್ತಿದ್ದೆ. ಪಕ್ಕದಲ್ಲಿ ಒಬ್ಬ ಅಜ್ಜಿ, ತಲೆ ಪೂರ್ತಿ ಬೆಳ್ಳಗೆ, ಎದ್ದೂ ಬಿದ್ದೂ ಓಡುತ್ತಿದ್ದಾರೆ. ನೀವೇ ಹೇಳಿ, ನಮ್ಮ ಕಡೆ ಆ ವಯಸ್ಸಿನ ಹೆಂಗಸು ಓಡಿದರೆ ಒಂದೋ ಬಸ್ಸಿಗೆ, ಇಲ್ಲ ನಾಯಿಗೆ ಹೆದರಿ. ಹಿಂದೆ ನಾಯಿ ಇರಲಿಲ್ಲ. ಪಾಪ ಎನ್ನಿಸಿತು. ಸ್ಟಾಪು ಇಲ್ಲದಿದ್ದರೂ ಬಸ್ಸು ಬದಿಗೆ ತಂದು, ಬಾಗಿಲು ತೆಗೆದು, "ಬನ್ನಿ ಅಜ್ಜಿ, ನಿಧಾನ" ಎಂದೆ. ಅಜ್ಜಿ ನಿಂತ ಜಾಗದಲ್ಲೇ ಕುಣಿಯುತ್ತ ನನ್ನನ್ನು ನೋಡಿದರು. ನಾನೂ ನೋಡಿದೆ. ಅವರು ಆರೋಗ್ಯಕ್ಕೆ ಓಡುತ್ತಿದ್ದರಂತೆ! ಕೈ ಬೀಸಿ ನನ್ನ ಬಸ್ಸನ್ನೇ ಹಿಂದೆ ಹಾಕಿ ಹೋದರು. ಒಳಗಿದ್ದ ಯಾರೋ, ಸ್ಟಾಪಿಲ್ಲದ ಕಡೆ ನಿಲ್ಲಿಸಿದ ಎಂದು ಬರೆದುಹಾಕಿದರು.

ನೀವು ಇದ್ದಿದ್ದರೆ ಹಿಂದಿನಿಂದ "ಲೋ, ಅವರು ಬಸ್ಸಿಗಲ್ಲ ಕಣೋ" ಅನ್ನುತ್ತಿದ್ದಿರಿ. ಇಲ್ಲಿ ಯಾರೂ ಏನೂ ಅನ್ನುವುದಿಲ್ಲ. ಸುಮ್ಮನೆ ಬರೆಯುತ್ತಾರೆ.

ಹೆಂಡತಿಗೆ ಈ ದೂರಿನ ವಿಷಯ ಹೇಳಿಲ್ಲ. ನಿಮಗೆ ಮಾತ್ರ.

ನಿಮ್ಮ,
ಡ್ರೈವರ್


ಏಪ್ರಿಲ್ ೨

ಲೋ ಮೂಕಬಸವಾ,

ಕಾಗದ ಎರಡೂ ಬಂದಿವೆ. ಅಂಚೆಯವರ ಮೇಲೆ ತಪ್ಪು ಹೊರಿಸಬೇಡ. ಮೊದಲನೆಯದನ್ನು ಓದದೆ ಅಕ್ಕಿ ಡಬ್ಬಿಯ ಕೆಳಗೆ ತಳ್ಳಿದ್ದೆ. ಎರಡನೆಯದು ಬಂದ ದಿನ ಅಂಚೆಯವನು "ಅಕ್ಕ, ಆ ಸ್ಟಾಂಪು ನನ್ನ ಮಗನಿಗೆ ಕೊಡಿ" ಅಂದ. ಸ್ಟಾಂಪು ಕೀಳಲು ಹೋಗಿ ಲಕೋಟೆ ಹರಿಯಿತು. ಹರಿದ ಮೇಲೆ ಓದದೆ ಇರಲು ನಾನೇನು ಸನ್ಯಾಸಿನಿಯಾ? ಆ ಓಡುವ ಅಜ್ಜಿಯ ಹತ್ತಿರ ಬಂದಾಗ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ಅಕ್ಕಿ ಡಬ್ಬಿ ಎತ್ತಿ ಮೊದಲನೆಯದನ್ನೂ ಓದಿದೆ. ಅದಕ್ಕೆ ನಗು ಬರಲಿಲ್ಲ.

ಒಂದು ಮಾತು ಕಿವಿ ಬಿಚ್ಚಿ ಕೇಳು. ನೀನು ಹೋದದ್ದಕ್ಕೆ ನನಗೆ ಕೋಪ ಇಲ್ಲ. ನಾನು "ಹೋಗಬೇಡ" ಅನ್ನುತ್ತಿದ್ದೆ ಅಂದುಕೊಂಡೆಯಲ್ಲ, ಅದಕ್ಕೆ ಕೋಪ. ಹನ್ನೊಂದು ವರ್ಷ ಬಸ್ಸು ತುಂಬಿದ ಮೇಲೆ ಹೋಗು ಹೋಗು ಎಂದು ಸೀಟಿ ಊದಿದವಳು ನಾನು. ನಿನ್ನನ್ನು ತಡೆಯುತ್ತಿದ್ದೆನಾ? ಇಡೀ ಡಿಪೋಗಿಂತ ಮೊದಲು ನನಗೆ ಹೇಳಿದ್ದರೆ ನಾನೇ ನಿನ್ನ ಟ್ರಂಕು ಕಟ್ಟಿಕೊಡುತ್ತಿದ್ದೆ. ಹೇಳಿದೆ. ಮುಗಿಯಿತು. ಇನ್ನು ಆ ವಿಷಯ ಎತ್ತುವುದಿಲ್ಲ, ನೀನೂ ಎತ್ತಬೇಡ.

ಈಗ ನಿನ್ನ ಸಂಕಟಕ್ಕೆ ಬರೋಣ. ಸೀಟಿ ಕೇಳಿಸದೆ ಬಸ್ಸು ಹೊರಡುವುದಿಲ್ಲ ಅನ್ನುತ್ತೀಯ. ನಿನಗೆ ದೇವರು ಬಾಯಿ ಕೊಟ್ಟಿಲ್ಲವಾ? ನಾನು ಏನು ನೋಡಿ ಸೀಟಿ ಊದುತ್ತಿದ್ದೆ? ಬಾಗಿಲಲ್ಲಿ ಯಾರ ಕಾಲೂ ಇಲ್ಲ, ಸೆರಗು ಸಿಕ್ಕಿಲ್ಲ, ಮುದುಕರು ಮಕ್ಕಳು ಕೂತಿದ್ದಾರೆ. ಅದನ್ನು ನೀನೇ ನೋಡು. ನೋಡಿ, ಬಾಯಿ ಬಿಟ್ಟು "ರೈಟ್ ರೈಟ್" ಅನ್ನು. ನಿನ್ನ ಕಿವಿಗೆ ಕೇಳಿಸುವ ಹಾಗೆ ಅನ್ನು, ಆಗ ಕಾಲು ತಾನೇ ಕೇಳುತ್ತದೆ. ಅಚ್ಚ ಕನ್ನಡ ಮಾತು, ಏನೂ ನಾಚಿಕೊಳ್ಳಬೇಡ.

ಫೋನು ಬೇಡ, ಹೀಗೇ ಬರೆ. ಫೋನಿನಲ್ಲಿ ನೀನು ಹೂಂ ಹೂಂ ಬಿಟ್ಟು ಮೂರನೇ ಮಾತು ಆಡುವುದಿಲ್ಲ. ನೀನು ಬಾಯಿ ಬಿಟ್ಟದ್ದನ್ನು ನಾನು ನೋಡಿದ್ದು ಈ ಕಾಗದಗಳಲ್ಲೇ.

ನನ್ನ ಸುದ್ದಿ ಏನಿದೆ? ಅದೇ ಬಸ್ಸು, ಅದೇ ಧೂಳು. ನಿನ್ನ ಜಾಗಕ್ಕೆ ಎಳೆಯನೊಬ್ಬ ಬಂದಿದ್ದಾನೆ. ಅವನು ಬ್ರೇಕ್ ಹಾಕಿದರೆ ಹಿಂದಿನ ಸೀಟಿನವರು ಮುಂದಿನ ಸೀಟಿನವರ ಮಡಿಲಿಗೆ ಬರುತ್ತಾರೆ.

ಹೊಟ್ಟೆ ತುಂಬ ಉಣ್ಣು.

ಸೀಟಿಯಕ್ಕ


ಮೇ ೧೧

ಅಕ್ಕಾ,

ನಿಮ್ಮ ಬೈಗುಳ ತಲುಪಿತು. ಬಾಗಿಲಲ್ಲೇ ನಿಂತು ಓದಿದೆ. ಒಬ್ಬನೇ ಗಟ್ಟಿಯಾಗಿ ನಕ್ಕದ್ದಕ್ಕೆ ಪಕ್ಕದ ರೂಮಿನ ನಾಯಿ ಬೊಗಳಿತು, ಮುದುಕರು ಇಣುಕಿದರು. ಅವತ್ತು ಮೊದಲ ಸಲ ಅವರ ಮುಖ ಕಂಡದ್ದು. ಸನ್ನೆ ಮಾಡಿ ಗಂಟಲಿನ ಸದ್ದಿನ ವಿಷಯವನ್ನೂ ತಿಳಿಸಿ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಈಗ ನಲ್ಲಿಯ ಸದ್ದಿನ ಮರೆಯಿಲ್ಲದೆಯೇ ಬಾಯಿ ತೊಳೆಯುತ್ತೇನೆ.

ನೀವು ಹೇಳಿದ ಹಾಗೇ ಮಾಡುತ್ತಿದ್ದೇನೆ. ಮೊದಲು ಬಾಗಿಲ ಕನ್ನಡಿ, ಆಮೇಲೆ ಒಳಗಿನ ಕನ್ನಡಿ, ಆಮೇಲೆ ಬಾಯಿ. "ರೈಟ್ ರೈಟ್." ಮೊದಲ ದಿನ ಮೆಲ್ಲಗೆ ಅಂದೆ, ಕಾಲು ಕೇಳಲಿಲ್ಲ. ಎರಡನೇ ದಿನ ನಿಮ್ಮ ರಾಗದಲ್ಲೇ ಅಂದೆ, ಎರಡನೇ ರೈಟನ್ನು ಎಳೆದು. ಬಸ್ಸು ಬೆಣ್ಣೆಯ ಹಾಗೆ ಹೊರಟಿತು! ಯಾರಾದರೂ ಇನ್ನೂ ಕೂರದಿದ್ದರೆ "ಹೋಲ್ಡಾನ್" ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಒಮ್ಮೆ ಅಭ್ಯಾಸಬಲಕ್ಕೆ "ಮುಂದೆ ಹೋಗಿ ಮುಂದೆ ಹೋಗಿ" ಅಂತಲೂ ಬಂದುಬಿಟ್ಟಿತು. ಬಸ್ಸಿನಲ್ಲಿ ಇದ್ದವರು ನಾಲ್ಕೇ ಜನ.

ಹಿಂದಿನ ಸೀಟಿನಲ್ಲಿ ದಿನಾ ಒಬ್ಬ ಹೆಂಗಸು ಕೂರುತ್ತಾಳೆ. ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ. ಅವಳೂ ಬೇರೆ ಎಲ್ಲಿಂದಲೋ ಬಂದವಳು, ನನ್ನ ದೇಶದವಳಲ್ಲ, ಈ ದೇಶದವಳೂ ಅಲ್ಲ. ಇಬ್ಬರದೂ ಹರುಕು ಮುರುಕು ಭಾಷೆ. ಒಂದು ದಿನ ಇಳಿಯುವಾಗ ಕೇಳಿದಳು, "ನೀವು ದಿನಾ ಹಾಡ್ತೀರಲ್ಲ, ಅದು ದೇವರ ಹಾಡಾ?" ನಾನು ರೈಟ್ ಅಂದರೆ ಹೋಗು, ಹೋಲ್ಡಾನ್ ಅಂದರೆ ನಿಲ್ಲು ಎಂದು ತಿಳಿಸಿ, ನಮ್ಮ ಅಕ್ಕನ ಮಂತ್ರ ಎಂದೆ. ಅವಳು ಎರಡು ಸಲ ಬಾಯಲ್ಲಿ ಹೇಳಿ ನೋಡಿಕೊಂಡು ಇಳಿದುಹೋದಳು.

ಇಲ್ಲಿ ಇಳಿಯುವವರೆಲ್ಲ ಡ್ರೈವರಿಗೆ ಧನ್ಯವಾದ ಹೇಳುತ್ತಾರೆ ಅಕ್ಕಾ. ಎಲ್ಲರೂ! ಮೊದಲು ನನ್ನನ್ನು ಲೇವಡಿ ಮಾಡುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಒಬ್ಬೊಬ್ಬರಿಗೂ ತಿರುಗಿ ಕೈಮುಗಿಯಲು ಹೋಗಿ ಬಸ್ಸು ತಡವಾಯಿತು. ಈಗ ತಲೆಯಾಡಿಸುತ್ತೇನೆ. ಕೋಲೆ ಬಸವನ ಕೆಲಸ ಇಲ್ಲಿಯೂ ತಪ್ಪಲಿಲ್ಲ.

ಕೆಟ್ಟ ಸುದ್ದಿಯನ್ನು ಕೊನೆಗೆ ಇಟ್ಟಿದ್ದೇನೆ. ಎರಡನೇ ದೂರು. ತಿರುವಿನಲ್ಲಿ ಹಾರ್ನ್ ಹೊಡೆದೆ, ಅಷ್ಟೇ. ನಮ್ಮಲ್ಲಿ ತಿರುವಿನಲ್ಲಿ ಹಾರ್ನ್ ಹೊಡೆಯದವನನ್ನು ಡ್ರೈವರ್ ಅನ್ನುತ್ತಾರಾ? ಇಲ್ಲಿ ಬೀದಿಯ ಜನವೆಲ್ಲ ನಾನು ಯಾರದೋ ತಾಯಿಗೆ ಬೈದ ಹಾಗೆ ನೋಡಿದರು. ಮೇಷ್ಟ್ರು ಕೇಳಿದರು, "ಯಾರ ಮೇಲೆ ಸಿಟ್ಟು ಬಂತು ನಿಮಗೆ?" ಯಾರ ಮೇಲೂ ಇಲ್ಲ, ಬರುತ್ತಿದ್ದೇನೆ ಎಂದು ಹೇಳಿದೆ ಅಷ್ಟೇ ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಇನ್ನೊಂದು ದೂರು ಬಂದರೆ ಮುಗಿಯಿತು. ಮಗಳು ಫೋನಿನಲ್ಲಿ ಈ ದೇಶದ ಭಾಷೆಯಲ್ಲಿ ಒಂದರಿಂದ ಹತ್ತು ಎಣಿಸಿ ತೋರಿಸಿದಳು. ಇನ್ನೊಂದು ಸಲ ಎಣಿಸು ಎಂದೆ.

ನಿಮ್ಮ,
ಮೂಕಬಸವ


ಜೂನ್ ೫

ತಮ್ಮಾ,

ಚಿಕ್ಕ ಕಾಗದ. ಬರೆಯಲು ಹೆಚ್ಚೇನಿಲ್ಲ.

ಹಾರ್ನ್ ಮೇಲಿಂದ ಕೈ ತೆಗೆ. ಹೊಸ ಮನೆಗೆ ಹೋದ ಸೊಸೆ ಮೊದಲು ಅತ್ತೆ ಯಾವುದಕ್ಕೆ ಮುಖ ಸಿಂಡರಿಸುತ್ತಾಳೆ ಎಂದು ನೋಡಿಕೊಳ್ಳುತ್ತಾಳೆ. ನೀನು ಈಗ ಸೊಸೆ. ಆದರೆ ರೈಟ್ ಅನ್ನುವುದನ್ನು ಬಿಡಬೇಡ, ಅದು ಬೇರೆ.

ನನ್ನ ಕಾಲುನೋವು ಕಡಿಮೆಯಾಗಿದೆ. ಈಗ ನಿಲ್ಲುವ ಕೆಲಸ ಅಷ್ಟಿಲ್ಲ.

ಆ ನೆಲ ಒರೆಸುವವಳಿಗೆ ನನ್ನ ನಮಸ್ಕಾರ ತಿಳಿಸು. ದೇವರ ಹಾಡಂತೆ! ನಿಮ್ಮ ಭಾವನಿಗೆ ಓದಿ ಹೇಳಿದೆ. "ಹಾಗಾದ್ರೆ ನೀನು ಮನೇಲಿ ಹೇಳೋದೆಲ್ಲ ಸಹಸ್ರನಾಮ" ಅಂದರು.

ಸೀಟಿಯಕ್ಕ


ಜುಲೈ ೮

ಅಕ್ಕಾ,

ಮೂರನೇ ದೂರು ಬಂತು.

ಹಾರ್ನ್ ಅಲ್ಲ, ಅಜ್ಜಿ ಅಲ್ಲ. ರೈಟ್. "ಡ್ರೈವರ್ ಪ್ರತಿ ಸ್ಟಾಪಿನಲ್ಲೂ ಅರ್ಥವಾಗದ ಭಾಷೆಯಲ್ಲಿ ಕೂಗುತ್ತಾನೆ, ಭಯವಾಗುತ್ತದೆ" ಎಂದು ಯಾರೋ ಬರೆದಿದ್ದಾರೆ. ಯಾರೆಂದು ಗೊತ್ತಿಲ್ಲ. ಈಗ ಹತ್ತುವ ಒಬ್ಬೊಬ್ಬರ ಮುಖ ನೋಡಿದಾಗಲೂ ನೀವೇನಾ, ನೀವೇನಾ ಎಂದು ಮನಸ್ಸು ಕೇಳುತ್ತದೆ. ಅದು ದೂರಿಗಿಂತ ಕೆಟ್ಟದ್ದು.

ನಮ್ಮ ಡಿಪೋದ ಮೇಡಂ ಕರೆಸಿದರು. ಕನ್ನಡಕಕ್ಕೆ ಸರಪಳಿ ಕಟ್ಟಿಕೊಂಡಿರುವ, ನಗುವನ್ನು ಮನೆಯಲ್ಲೇ ಬಿಟ್ಟು ಬರುವ ಮೇಡಂ. ನೇರವಾಗಿ ಮನೆಗೆ ಕಳಿಸುತ್ತಾರೆ ಅಂದುಕೊಂಡಿದ್ದೆ. "ಈ ತಿಂಗಳ ಕೊನೆಗೆ ನಾನೇ ನಿಮ್ಮ ಬಸ್ಸಲ್ಲಿ ಬರ್ತೀನಿ. ನೋಡಿ ಹೇಳ್ತೀನಿ" ಅಂದರು. ಅಷ್ಟೇ ಮಾತು.

ಏನು ಮಾಡಲಿ ಹೇಳಿ. ಬಾಯಿ ಮುಚ್ಚಿಕೊಂಡಿರಲೇ? ಅವತ್ತೊಂದು ದಿನ ಮುಚ್ಚಿಕೊಂಡರೆ ಹಾವೂ ಸಾಯುವುದಿಲ್ಲ ಕೋಲೂ ಮುರಿಯುವುದಿಲ್ಲ ಅನ್ನಿಸುತ್ತದೆ. ಹೆಂಡತಿಗೆ ಈಗ ಎಲ್ಲ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮನೆ ಖಾಲಿ ಮಾಡ್ತೀವಿ ಅಂತ ಓನರಿಗೆ ಹೇಳಿಬಿಟ್ಟಿದ್ದೆ, ಬೇಡ ಅಂತ ಹೇಳ್ಲಾ?" ಎಂದು ಮಾತ್ರ ಕೇಳಿದಳು. ತಡಿ ಎಂದೆ.

ಇನ್ನೊಂದು. ಅವಳು ಮೊನ್ನೆ ನಿಮ್ಮನ್ನು ನೋಡಿದಳಂತೆ. ಬಸ್ಸಿನಲ್ಲಲ್ಲ, ಬಸ್ ಸ್ಟ್ಯಾಂಡಿನ ವಿಚಾರಣೆ ಕಿಟಕಿಯ ಒಳಗೆ. "ಅಕ್ಕ ಸುಮ್ನೆ ಕೂತಿದ್ರು, ಮಾತಾಡಿಸೋಕೆ ಧೈರ್ಯ ಬರ್ಲಿಲ್ಲ" ಅಂದಳು. ಅಕ್ಕ ಸುಮ್ಮನೆ ಕೂತಿದ್ದರು ಎನ್ನುವ ಮಾತನ್ನು ನಾನು ನನ್ನ ಜೀವಮಾನದಲ್ಲಿ ಕೇಳಿರಲಿಲ್ಲ. ಏನು ವಿಷಯ?

ನಿಮ್ಮ,
ಮೂಕಬಸವ


ಜುಲೈ ೨೧

ಲೋ,

ಈ ಕಾಗದ ನಿನಗೆ ಆ ಮೇಡಂಗಿಂತ ಮೊದಲು ಸಿಗಲಿ ಎಂದು ದೊಡ್ಡ ಪೋಸ್ಟಾಫೀಸಿಗೇ ಹೋಗಿ ಹಾಕುತ್ತಿದ್ದೇನೆ.

ನಿನ್ನ ಹೆಂಡತಿ ನೋಡಿದ್ದು ನಿಜ. ನಾನು ಬಸ್ಸಿನಲ್ಲಿ ಇಲ್ಲ. ನೀನು ಹೋದ ಮಾರನೇ ವಾರದಿಂದಲೇ ಇಲ್ಲ. ನಮ್ಮ ರೂಟಿನಲ್ಲೂ ಈಗ ಕಂಡಕ್ಟರ್ ಎನ್ನುವ ಪ್ರಾಣಿ ಇಲ್ಲ, ಆ ಎಳೆಯನೇ ಟಿಕೆಟ್ಟೂ ಕೊಡುತ್ತಾನೆ, ಬಸ್ಸೂ ಓಡಿಸುತ್ತಾನೆ. ಅವನ ಬ್ರೇಕಿನ ಕಥೆ ಪ್ರಯಾಣಿಕರು ಕಿಟಕಿಯಲ್ಲಿ ಬಂದು ಹೇಳಿದ್ದು. ನನ್ನನ್ನು ವಿಚಾರಣೆಗೆ ಕೂರಿಸಿದರು. ಇಂಥ ಬಸ್ಸು ಎಲ್ಲಿ ಅಂತ ಕೇಳುತ್ತಾರೆ, ನಾನು ಬೆರಳು ತೋರಿಸುತ್ತೇನೆ. ಪಕ್ಕದಲ್ಲೇ ಮೈಕಿದೆ, ಅದರ ಮೇಲೆ ಒಂದು ಬೆರಳು ಧೂಳು. ಯಾವಳೋ ಪುಣ್ಯಾತ್ಗಿತ್ತಿಯ ಧ್ವನಿಯನ್ನು ಯಂತ್ರದಲ್ಲಿ ತುಂಬಿಟ್ಟಿದ್ದಾರೆ, ಅದೇ ದಿನವಿಡೀ "ದಯವಿಟ್ಟು ಗಮನಿಸಿ" ಎಂದು ಕೂಗುತ್ತದೆ. ಒಬ್ಬರೂ ಗಮನಿಸುವುದಿಲ್ಲ.

ನೀನು ಹೋದದ್ದಕ್ಕೆ ಹೀಗಾಯಿತು ಎಂದು ತಲೆ ಕೆಡಿಸಿಕೊಳ್ಳಬೇಡ. ನೀನು ಹೇಳಿದ ಆ ಸಂಜೆ ನೆನಪಿದೆಯಲ್ಲ? ಅವತ್ತು ಮಧ್ಯಾಹ್ನವೇ ಸಾಹೇಬರು ನನ್ನನ್ನು ಕರೆದು, ಇನ್ನು ನೀವು ಬಸ್ಸಿಗೆ ಬೇಡಮ್ಮ ಅಂದಿದ್ದರು. ಡ್ಯೂಟಿ ಮುಗಿದ ಮೇಲೆ ನಿನಗೆ ಹೇಳಿ ಒಂದು ಗಳಿಗೆ ಅತ್ತು ಹೋಗೋಣ ಎಂದು ನಾನು ನಿಂತಿದ್ದೆ. ನೀನು ಮೊದಲು ಬಾಯಿ ಬಿಟ್ಟೆ. ಹನ್ನೊಂದು ವರ್ಷದಲ್ಲಿ ಒಂದೇ ಸಲ ನೀನು ನನಗಿಂತ ಮೊದಲು ಮಾತಾಡಿದ್ದು, ಅದೂ ಆ ದಿನವೇ ಆಗಬೇಕಾ? ನನ್ನ ಸಂಕಟ ಹೇಳಿದ್ದರೆ ನೀನು ಹೊರಡುವ ಖುಷಿಗೆ ಕಲ್ಲು ಹಾಕಿದ ಹಾಗೆ. ಬಾಯಿ ತೆರೆದರೆ ಅಳು ಬರುತ್ತಿತ್ತು. ಅದಕ್ಕೇ ಗೇಟು ದಾಟಿದ್ದು.

ಸಾಕು. ಈಗ ನಿನ್ನ ವಿಷಯ. ಬಾಯಿ ಮುಚ್ಚಬೇಡ! ನಾನು ಮುಚ್ಚಿಕೊಂಡು ಕೂತು ಐದು ತಿಂಗಳಾಯಿತು. ಕಾಲುನೋವು ಹೋಯಿತು ನಿಜ, ಅದರ ಜೊತೆ ಊಟದ ರುಚಿಯೂ ಹೋಯಿತು. ನಿನ್ನ ಕಾಲು ಹನ್ನೊಂದು ವರ್ಷ ಕಿವಿಯ ಮಾತು ಕೇಳಿ ಬೆಳೆದದ್ದು. ಅದಕ್ಕೆ ಹೇಳದೆ ಕೇಳದೆ ಬಸ್ಸು ಓಡಿಸಿದರೆ ಎಡವಟ್ಟಾಗುತ್ತದೆ. ಆ ಮೇಡಂ ಮುಂದೆಯೇ ಅನ್ನು. ಕಳಿಸಿದರೆ ಕಳಿಸಲಿ, ಬಾ, ಇಬ್ಬರೂ ಕಿಟಕಿಯಲ್ಲಿ ಕೂತು ಬೆರಳು ತೋರಿಸೋಣ.

ಸೀಟಿಯಕ್ಕ


ಆಗಸ್ಟ್ ೪

ಅಕ್ಕಾ,

ನಿಮ್ಮ ಕಾಗದ ಮೇಡಂ ಬಂದುಹೋದ ಮೂರನೇ ದಿನ ತಲುಪಿತು. ಮೊದಲೇ ಸಿಕ್ಕಿದ್ದರೆ ಎಂದು ಹಲುಬಿದೆ. ಈಗ ಅನ್ನಿಸುತ್ತಿದೆ, ಸಿಗದೆ ಇದ್ದದ್ದೇ ಒಳ್ಳೆಯದಾಯಿತು. ಎಲ್ಲ ಹೇಳುತ್ತೇನೆ.

ಅವತ್ತು ಬೆಳಿಗ್ಗೆ ಹೆದರಿಕೆಗೆ ಗಂಟಲಿನಿಂದ ಸದ್ದೇ ಹೊರಡಲಿಲ್ಲ. ಮೆಟ್ಟಿಲಲ್ಲಿ ಪಕ್ಕದ ರೂಮಿನ ಮುದುಕರು ಎದುರಾಗಿ, "ಇವತ್ತು ಸದ್ದೇ ಇಲ್ಲ, ಹುಷಾರಿಲ್ವಾ?" ಅಂದರು. ಹುಷಾರಿಲ್ಲ ಎಂದೆ.

ಮೇಡಂ ಮೊದಲ ಸ್ಟಾಪಿನಲ್ಲೇ ಹತ್ತಿ ನಡುವಿನ ಸೀಟಿನಲ್ಲಿ ಕೂತರು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಬಾಗಿಲು ಮುಚ್ಚಿದೆ, ಹೊರಟೆ. ಒಂದು ಸ್ಟಾಪು, ಎರಡು ಸ್ಟಾಪು. ದಿನಾ ಬರುವವರೆಲ್ಲ ತಲೆ ಎತ್ತಿ ನೋಡತೊಡಗಿದರು. ಕಿವಿಗೆ ಸದಾ ಏನೋ ಸಿಕ್ಕಿಸಿಕೊಂಡಿರುವ ಕಾಲೇಜಿನ ಹುಡುಗಿ ಅದನ್ನು ತೆಗೆದು ಸುತ್ತ ನೋಡಿದಳು. ನನ್ನ ಕಣ್ಣು ಮಾತ್ರ ಗಡಿಯಾರದ ಮೇಲೆ, ಮೇಡಂ ಮೇಲೆ, ಪುನಃ ಗಡಿಯಾರದ ಮೇಲೆ.

ಆಸ್ಪತ್ರೆಗೆ ಹಿಂದಿನ ಸ್ಟಾಪಿನಲ್ಲಿ ಊರುಗೋಲಿನ ಅಜ್ಜ ಒಬ್ಬರು ಹತ್ತಿದರು. ಬಾಗಿಲು ಮುಚ್ಚಿದೆ. ಬ್ರೇಕಿನಿಂದ ಕಾಲು ಎತ್ತಿದೆ.

"ಹೋಲ್ಡಾನ್!"

ಬಸ್ಸಿನ ಹಿಂದಿನಿಂದ, ಹೆಂಗಸಿನ ಧ್ವನಿ, ಕಂಚಿನ ಹಾಗೆ. ಅಕ್ಕಾ, ಯಾರು, ಏನು ಎಂದು ತಲೆಗೆ ಹೊಳೆಯುವ ಮೊದಲೇ ನನ್ನ ಕಾಲು ಬ್ರೇಕಿನ ಮೇಲೆ ಕೂತಿತ್ತು. ಬಸ್ಸು ಒಂದು ಗೇಣೂ ಸರಿಯಲಿಲ್ಲ. ಕನ್ನಡಿ ನೋಡಿದರೆ ಅಜ್ಜ ಇನ್ನೂ ನಿಂತೇ ಇದ್ದಾರೆ, ಕೋಲು ಕೈಜಾರಿ ಬಿದ್ದಿದೆ, ಕಂಬಿಗೆ ಕೈ ಚಾಚುತ್ತಿದ್ದಾರೆ. ಬಸ್ಸು ಹೊರಟಿದ್ದರೆ ನೇರ ಕೆಳಗೆ.

ನೆಲ ಒರೆಸುವ ಆ ಹೆಂಗಸು ಹಿಂದಿನ ಸೀಟಿನಿಂದ ಎದ್ದು ಬಂದಳು. ಅಜ್ಜನನ್ನು ಕೂರಿಸಿದಳು, ಕೋಲು ಎತ್ತಿಕೊಟ್ಟಳು, ವಾಪಸ್ಸು ಹೋಗಿ ತನ್ನ ಜಾಗದಲ್ಲಿ ಕೂತಳು. ಆಮೇಲೆ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ, ಕೈ ಎತ್ತಿ, "ರೈಟ್ ರೈಟ್!" ಅಂದಳು. ಥೇಟ್ ನಿಮ್ಮ ರಾಗ. ಎರಡನೆಯದನ್ನು ಎಳೆಯುವುದು ಕೂಡ. ಸಮುದ್ರದ ಈಚೆ ನಿಮ್ಮ ಧ್ವನಿ ಕೇಳಿ ನನ್ನ ಕಣ್ಣು ಮಂಜಾಯಿತು. ಒರೆಸಿಕೊಂಡು ಬಸ್ಸು ಬಿಟ್ಟೆ.

ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದ ಮೇಲೆ ಮೇಡಂ ಮುಂದೆ ಬಂದರು.

"ಇಷ್ಟು ದಿನ ಕೂಗ್ತಿದ್ರಿ. ಇವತ್ತು ಯಾಕೆ ಕೂಗ್ಲಿಲ್ಲ?"

"ನೀವಿದ್ರಿ, ಅದಕ್ಕೆ ಮೇಡಂ."

"ಕೂಗೋಕೆ ಮುಂಚೆ ಏನ್ ಮಾಡ್ತೀರಿ?"

"ಬಾಗಿಲ ಕನ್ನಡಿ ನೋಡ್ತೀನಿ. ಒಳಗಿನ ಕನ್ನಡಿ ನೋಡ್ತೀನಿ. ಎಲ್ಲರೂ ಕೂತಿದ್ರೆ ಕೂಗ್ತೀನಿ."

"ಇವತ್ತು ನೋಡಿದ್ರಾ?"

ಸುಳ್ಳು ಹೇಳಬಹುದಿತ್ತು. ಬರಲಿಲ್ಲ. "ಇಲ್ಲ ಮೇಡಂ" ಎಂದೆ. ಗಂಟು ಕಟ್ಟುವುದಷ್ಟೇ ಬಾಕಿ ಎಂದು ಸ್ಟೇರಿಂಗ್ ಬಿಟ್ಟು ಎದ್ದು ನಿಂತೆ.

ಅವರು ಕನ್ನಡಕ ತೆಗೆದು ಸರಪಳಿಯಲ್ಲಿ ನೇತುಬಿಟ್ಟರು. "ನಾನು ಮೊದಲು ಡ್ರೈವರ್ ಆಗಿದ್ದೆ, ಗೊತ್ತಾ? ಸುಮ್ನಿದ್ದು ನೋಡದೆ ಇರೋ ಡ್ರೈವರ್ ನನಗೆ ಬೇಡ. ಕೂಗಿ ನೋಡೋನಾದ್ರೆ ಪರವಾಗಿಲ್ಲ. ಸ್ವಲ್ಪ ಮೆಲ್ಲಗೆ ಕೂಗಿ. ಮತ್ತೆ, ಏನು ಕೂಗ್ತೀರಿ ಅಂತ ಬಸ್ಸಲ್ಲಿ ಒಂದು ಚೀಟಿ ಬರೆದು ಅಂಟಿಸಿ, ಜನ ಹೆದರೋದು ಬೇಡ" ಅಂದರು. ಅಜ್ಜ ಕೂರುವ ಮೊದಲೇ ಬ್ರೇಕ್ ಬಿಟ್ಟದ್ದಕ್ಕೆ ಪರೀಕ್ಷೆ ಇನ್ನೊಂದು ತಿಂಗಳು ಮುಂದಕ್ಕೆ ಹೋಯಿತು. ಹೋಗಲಿ, ಅದು ನ್ಯಾಯವೇ.

ನಿಮ್ಮ ಕಿಟಕಿಯ ವಿಷಯ ಓದಿದಾಗಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲ. ಆ ಸಂಜೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ನೀವು ಹೇಳುತ್ತಿದ್ದಿರಿ. ಒಂದೇ ಮಾತು ಕೇಳುತ್ತೇನೆ. ಇಲ್ಲಿ ನಿಮ್ಮನ್ನು ಕಂಡೇ ಇಲ್ಲದ ಹೆಂಗಸು ನಿಮ್ಮ ರಾಗದಲ್ಲಿ ಕೂಗಿ ಒಬ್ಬ ಅಜ್ಜನನ್ನು ಉಳಿಸಿದಳು. ಅಲ್ಲಿ ಪಕ್ಕದಲ್ಲೇ ಮೈಕು ಇಟ್ಟುಕೊಂಡು ನೀವು ಬೆರಳು ತೋರಿಸುತ್ತ ಕೂತಿದ್ದೀರಾ? ಧೂಳು ಒರೆಸಿ ಅಕ್ಕಾ.

ನಿಮ್ಮ,
ಮೂಕಬಸವ


ಸೆಪ್ಟೆಂಬರ್ ೬

ಅಕ್ಕಾ,

ಖಾಯಂ ಆಯಿತು! ಮೇಡಂ ಕೈಕುಲುಕಿದರು. ಹೆಂಡತಿಗೆ ಫೋನ್ ಮಾಡಿದರೆ ಅವಳು ಅತ್ತಳು, ಮಗಳು ಕಿರುಚಿದಳು, ನಾನು ಹೂಂ ಹೂಂ ಅಂದೆ.

ಊಟದ ಹೊತ್ತಿನಲ್ಲಿ ಆ "ಇಷ್ಟವಾಗಲಿಲ್ಲವಾ" ಡ್ರೈವರ್ ತನ್ನ ಬ್ರೆಡ್ಡಿನಲ್ಲಿ ಅರ್ಧ ಮುರಿದು ನನ್ನ ಮುಂದೆ ಹಿಡಿದ. "ಯಾಕೆ, ನಿನಗೆ ಇಷ್ಟವಾಗಲಿಲ್ಲವಾ?" ಎಂದು ಕೇಳಿದೆ. ಬಿದ್ದು ಬಿದ್ದು ನಕ್ಕ. ಎರಡು ರೂಮಿನ ಮನೆ ಹುಡುಕುತ್ತಿದ್ದೇನೆ.

ಅವರಿಬ್ಬರೂ ಮುಂದಿನ ತಿಂಗಳು ನಮ್ಮ ಸ್ಟ್ಯಾಂಡಿನಿಂದಲೇ ವಿಮಾನ ನಿಲ್ದಾಣದ ಬಸ್ಸು ಹತ್ತುತ್ತಾರೆ. ನಾನು ಅಲ್ಲಿರುವುದಿಲ್ಲ. ನೀವು ಇರುತ್ತೀರಿ.

ಮೂಕಬಸವ


ಅಕ್ಟೋಬರ್ ೧೨

ತಮ್ಮಾ,

ಇದು ನಿನ್ನ ಕೈ ಸೇರುವ ಹೊತ್ತಿಗೆ ನಿನ್ನ ಹೆಂಡತಿ ನಿನ್ನ ಅಡುಗೆಮನೆಯನ್ನು ತಲೆಕೆಳಗು ಮಾಡಿರುತ್ತಾಳೆ. ಅವಳು ಹೇಳಿರುತ್ತಾಳೆ, ಆದರೂ ನನ್ನ ಬಾಯಲ್ಲಿ ಕೇಳು.

ಧೂಳು ಒರೆಸಿದೆ. ನಿನ್ನ ಕಾಗದ ಬಂದ ಮಾರನೇ ದಿನ ಆ ಯಂತ್ರದ ಹೆಂಗಸಿನ ವೈರು ಎಳೆದು ಮೈಕು ಹಿಡಿದೆ. "ಸಂತೆಗೆ ಹೋಗೋರು ಮೂರನೇ ಕಟ್ಟೆಗೆ ಬನ್ನಿ, ಬುಟ್ಟಿ ದಾರೀಲಿ ಇಡ್ಬೇಡಿ, ಏ ಹಸಿರು ಸೀರೆ ತಾಯಿ, ನಿಮ್ ಮಗು ಚಪ್ಪಲಿ ಬೀಳಿಸ್ಕೊಂಡಿದೆ ನೋಡಿ!" ಇಡೀ ಸ್ಟ್ಯಾಂಡು ತಿರುಗಿ ನೋಡಿತು. ಸಾಹೇಬರು ಓಡಿ ಬಂದರು, ಯಾರನ್ನ ಕೇಳಿ ಎಂದು ರೇಗಿದರು. ಅಷ್ಟರಲ್ಲಿ ಒಬ್ಬರು ಮುದುಕರು ಕಿಟಕಿಗೆ ಬಂದು, "ಇವತ್ತು ಮೊದಲ ಸಲ ಬಸ್ಸು ತಪ್ಪಲಿಲ್ಲಮ್ಮ" ಅಂದರು. ಸಾಹೇಬರು ಹೂಂಗುಟ್ಟಿ ಹೋದರು. ವೈರನ್ನು ಯಾರೂ ಮತ್ತೆ ಸಿಕ್ಕಿಸಿಲ್ಲ. ಕಾಲುನೋವು ಪುನಃ ಬಂದಿದೆ, ನಾನು ಕೂತು ಕೂಗುವವಳಲ್ಲ.

ನಿನ್ನವರಿಬ್ಬರೂ ಹೊರಡುವ ದಿನ ಮೈಕಿನಲ್ಲಿ ಅವರ ಬಸ್ಸು ಕೂಗಿದೆ. ಕೂಗುತ್ತ ಕೂಗುತ್ತ ಒಳಗೇ ನಿಂತಿರಲಾಗಲಿಲ್ಲ. ಕಿಟಕಿ ಮುಚ್ಚಿ ಕೆಳಗಿಳಿದು ಹೋದೆ. ನಿನ್ನ ಮಗಳು ಕುತ್ತಿಗೆಗೆ ಜೋತುಬಿದ್ದು, "ಸೀಟಿ ಅತ್ತೆ, ಅಲ್ಲಿ ನಂಗೆ ಭಯ ಆದ್ರೆ?" ಅಂದಳು. "ನಿಮ್ಮಪ್ಪನ ಬಸ್ಸಲ್ಲಿ ಹಿಂದಿನ ಸೀಟಲ್ಲಿ ಒಬ್ಬಳು ಕೂರ್ತಾಳೆ, ಅವಳ ಪಕ್ಕ ಹೋಗಿ ಕೂತ್ಕೊ" ಅಂದೆ. ನಿನ್ನ ಹೆಂಡತಿ ಅಳಲಿಲ್ಲ. ನಾನು ಅತ್ತೆ. ಈ ಸಲ ಗೇಟು ದಾಟಿ ಹೋಗಲಿಲ್ಲ ಕಣೋ, ಅಲ್ಲೇ ನಿಂತು ಎಲ್ಲರ ಮುಂದೆ ಅತ್ತೆ.

ಅವರು ಹತ್ತಿ ಕೂತರು. ಆ ಬಸ್ಸೂ ಕಂಡಕ್ಟರ್ ಇಲ್ಲದ ಬಸ್ಸೇ. ಡ್ರೈವರ್ ಹಳಬ, ನಮ್ಮ ಕಾಲದವನು. ಬಾಗಿಲು ಮುಚ್ಚಿ ಗೇರಿನ ಮೇಲೆ ಕೈ ಇಟ್ಟಿದ್ದ. ನನ್ನ ಸೊಂಟದಲ್ಲಿ ಹಳೇ ಸೀಟಿ ಇತ್ತು, ಇವತ್ತಿಗೂ ಸಿಕ್ಕಿಸಿಕೊಂಡೇ ಬರುತ್ತೇನೆ. ಬಸ್ಸಿನ ಸುತ್ತ ಒಂದು ಸಲ ನೋಡಿದೆ. ಬಾಗಿಲಲ್ಲಿ ಯಾರ ಕಾಲೂ ಇಲ್ಲ, ಸೆರಗು ಸಿಕ್ಕಿಲ್ಲ, ನಿನ್ನ ಮಗಳು ಕಿಟಕಿ ಪಕ್ಕ ಕೂತಿದ್ದಾಳೆ. ಉಸಿರು ಎಳೆದು, ಉದ್ದಕ್ಕೆ, ಹಳೇ ಹಾಗೆಯೇ ಎರಡು ಸಲ ಊದಿದೆ. ಆ ಡ್ರೈವರ್ ತಿರುಗಿಯೂ ನೋಡಲಿಲ್ಲ. ಅವನ ಕಾಲು ತಾನಾಗಿ ಬ್ರೇಕ್ ಬಿಟ್ಟಿತು, ಬಸ್ಸು ಹೊರಟಿತು.

ಫೆಬ್ರವರಿಯಲ್ಲಿ ನಿನಗೆ ಊದಬೇಕಾಗಿದ್ದ ಸೀಟಿ ಅದು. ಈಗ ಕಳಿಸಿದ್ದೇನೆ, ತೆಗೆದುಕೋ.

ನಿನ್ನ,
ಸೀಟಿಯಕ್ಕ